ಹಸಿರು ದೀಪವನ್ನು ತಾಳೆಪಟ್ಟಿಯಂತೆ ಓದಬೇಕು

ಸಣ್ಣ ಕೈಗಾರಿಕೆಗಳಲ್ಲಿ ಹಾಗೂ ಸಗಟು ವ್ಯಾಪಾರ ಸಂಸ್ಥೆಗಳಲ್ಲಿ ಗಣಕಯಂತ್ರವು ಕೇವಲ ಲೆಕ್ಕ ಬರೆಯುವ ಸಾಧನವಾಗಿದ್ದ ಕಾಲ ಎಂದೋ ಮುಗಿದಿದೆ. ದಾಸ್ತಾನು, ಬಿಲ್ಲು, ವೇತನ ಪಟ್ಟಿ, ಬ್ಯಾಂಕ್ ವ್ಯವಹಾರ, ಸರಕು ಮತ್ತು ಸೇವಾ ತೆರಿಗೆಯ ವಿವರಪಟ್ಟಿ, ಸರಕು ಸಾಗಣೆಯ ಇ-ವೇ ಬಿಲ್ ಇವೆಲ್ಲವೂ ಇಂದು ಒಂದು ಸರ್ವರ್, ಒಂದು ಇಂಟರ್ನೆಟ್ ಸಂಪರ್ಕ ಹಾಗೂ ಒಂದು ಯುಪಿಎಸ್ ಮೇಲೆ ನಿಂತಿವೆ. ಈ ಯಂತ್ರಗಳ ಮೇಲೆ ಕಣ್ಣಿಡುವ ಸಲುವಾಗಿ ನಿಗಾ ತಂತ್ರಾಂಶವನ್ನು ಅಳವಡಿಸುವುದೂ, ಅದರ ಡ್ಯಾಶ್‌ಬೋರ್ಡನ್ನು ನಿರ್ವಹಣಾ ಗುತ್ತಿಗೆದಾರರು ತಿಂಗಳಿಗೊಮ್ಮೆ ವರದಿಯಾಗಿ ಕಳುಹಿಸುವುದೂ ರೂಢಿಯಾಗುತ್ತಿದೆ. ವರದಿಯಲ್ಲಿ ಎಲ್ಲ ದೀಪಗಳೂ ಹಸಿರಾಗಿದ್ದರೆ ಮಾಲೀಕರು ಬಿಲ್ಲಿಗೆ ಸಹಿ ಹಾಕಿ ಮುಂದಿನ ಕೆಲಸಕ್ಕೆ ತೊಡಗುತ್ತಾರೆ. ಈ ರೂಢಿ ಅಪಾಯಕಾರಿಯಾದುದು. ಹಸಿರು ದೀಪವೆಂದರೆ ವ್ಯವಹಾರ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರವಲ್ಲ.

ಈ ಮಾತನ್ನು ವರ್ತಕರಿಗೆ ವಿವರಿಸಲು ದೂರದ ಉದಾಹರಣೆಯೇನೂ ಬೇಕಿಲ್ಲ. ತಾಳೆಪಟ್ಟಿಯ ಖರ್ಚು ಮತ್ತು ಜಮೆಯ ಮೊತ್ತಗಳು ಸಮನಾದರೆ ಕೂಡಿಸುವಿಕೆ ಸರಿಯಿದೆ ಎಂದಷ್ಟೇ ಅರ್ಥ. ಒಂದು ಬಿಲ್ಲನ್ನು ಬರೆಯುವುದೇ ಬಿಟ್ಟುಹೋಗಿದ್ದರೂ ಪಟ್ಟಿ ತಾಳೆಯಾಗುತ್ತದೆ. ಒಬ್ಬ ಗಿರಾಕಿಯ ಜಮೆಯನ್ನು ಮತ್ತೊಬ್ಬನ ಖಾತೆಗೆ ಹಾಕಿದ್ದರೂ ತಾಳೆಯಾಗುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿದರೂ ತಾಳೆಯಾಗುತ್ತದೆ. ಆದ್ದರಿಂದಲೇ ಅನುಭವಿ ವರ್ತಕರು ತಾಳೆಪಟ್ಟಿಯೊಂದನ್ನೇ ನಂಬಿ ಲೆಕ್ಕ ಶುದ್ಧವೆಂದು ತೀರ್ಮಾನಿಸುವುದಿಲ್ಲ. ಗೋದಾಮಿಗೆ ಹೋಗಿ ದಾಸ್ತಾನು ಎಣಿಸುತ್ತಾರೆ, ಬ್ಯಾಂಕಿನ ಪಟ್ಟಿಯೊಡನೆ ಹೋಲಿಸಿ ನೋಡುತ್ತಾರೆ. ಡ್ಯಾಶ್‌ಬೋರ್ಡಿನ ಹಸಿರು ದೀಪವೂ ಇಂಥದೇ ಒಂದು ತಾಳೆಪಟ್ಟಿ. ಅದು ಉಪಯುಕ್ತ, ಅವಶ್ಯಕ; ಆದರೆ ಅದರ ಮಿತಿಯನ್ನು ಅರಿತು ಓದಬೇಕಾದುದು.

ದೀಪದ ಹಿಂದಿರುವ ಪ್ರಶ್ನೆ

ನಿಗಾ ತಂತ್ರಾಂಶದ ಕಾರ್ಯವಿಧಾನ ಸರಳವಾಗಿದೆ. ನಿಗದಿತ ಅವಧಿಗೊಮ್ಮೆ ಅದು ಪ್ರತಿಯೊಂದು ಯಂತ್ರಕ್ಕೂ ಒಂದೊಂದು ಪ್ರಶ್ನೆ ಕೇಳುತ್ತದೆ. ಬಂದ ಉತ್ತರವನ್ನು ಮೊದಲೇ ಗೊತ್ತುಮಾಡಿದ ಮಿತಿಯೊಡನೆ ಹೋಲಿಸಿ ಅದಕ್ಕೊಂದು ಬಣ್ಣ ಕೊಡುತ್ತದೆ. ದೀರ್ಘಕಾಲದಿಂದ ಬಳಕೆಯಲ್ಲಿರುವ ನಾಗಿಯೋಸ್ ತಂತ್ರಾಂಶದಲ್ಲಿ ಒಂದು ಸೇವೆಗೆ ನಾಲ್ಕು ಸ್ಥಿತಿಗಳಿವೆ: ಸರಿಯಿದೆ, ಎಚ್ಚರಿಕೆ, ಗಂಭೀರ, ಹಾಗೂ ತಿಳಿಯದು. ಇವುಗಳಲ್ಲಿ ಯಾವುದೂ ಯಂತ್ರದ ಗುಣವಲ್ಲ. ಕೇಳಿದ ಪ್ರಶ್ನೆಗೆ ದೊರೆತ ಉತ್ತರದ ವರ್ಗೀಕರಣ ಮಾತ್ರ. ಪ್ರಶ್ನೆ ಯಾವುದು, ಮಿತಿ ಎಷ್ಟು ಎಂಬುದನ್ನು ಯಾರೋ ಒಬ್ಬರು ಎಂದೋ ಒಂದು ದಿನ ನಿರ್ಧರಿಸಿರುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಹಾಗೆ ನಿರ್ಧರಿಸಿದವರು ಮಾಲೀಕರಲ್ಲ.

ಸರ್ವರ್ ಚಾಲನೆಯಲ್ಲಿದೆಯೇ ಎಂದು ತಿಳಿಯಲು ಸಾಮಾನ್ಯವಾಗಿ ಬಳಸುವ ಕ್ರಮಕ್ಕೆ ಪಿಂಗ್ ಎಂದು ಹೆಸರು. ಅಂಗಡಿಯ ಬಾಗಿಲು ತಟ್ಟಿದಾಗ ಒಳಗಿನಿಂದ ದನಿಯೊಂದು ಬಂದಂತೆ ಅದು. ದನಿ ಬಂದರೆ ಒಳಗೆ ಯಾರೋ ಇದ್ದಾರೆ ಎಂದು ತಿಳಿಯುತ್ತದೆ. ವ್ಯಾಪಾರ ನಡೆಯುತ್ತಿದೆಯೇ, ತಕ್ಕಡಿ ಸರಿಯಿದೆಯೇ ಎಂಬುದು ತಿಳಿಯುವುದಿಲ್ಲ. ಸರ್ವರ್ ಪಿಂಗ್‌ಗೆ ಉತ್ತರಿಸುತ್ತಿರುವಾಗಲೇ ಅದರೊಳಗಿನ ದತ್ತಸಂಚಯ ಸ್ಥಗಿತವಾಗಿರಬಹುದು, ಬಿಲ್ ಮುದ್ರಿಸುವ ತಂತ್ರಾಂಶ ತೆರೆಯದೆ ಇರಬಹುದು.

2023ರ ಆಗಸ್ಟ್ 1ರಿಂದ ವಾರ್ಷಿಕ ₹5 ಕೋಟಿ ಮೀರಿದ ವಹಿವಾಟುಳ್ಳ ಸಂಸ್ಥೆಗಳಿಗೆ, ಇತರ ನೋಂದಾಯಿತ ವರ್ತಕರಿಗೆ ನೀಡುವ ಬಿಲ್ಲುಗಳಲ್ಲಿ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಬಿಲ್ ನೋಂದಣಿ ಪೋರ್ಟಲಿನಿಂದ ಉಲ್ಲೇಖ ಸಂಖ್ಯೆ ಬಾರದೆ ಆ ಬಿಲ್ಲಿಗೆ ಮಾನ್ಯತೆಯಿಲ್ಲ. ಕಾರ್ಖಾನೆಯ ಸರ್ವರ್ ಹಸಿರು, ಸ್ವಿಚ್ ಹಸಿರು, ಯುಪಿಎಸ್ ಹಸಿರು. ಆದರೆ ಪೋರ್ಟಲಿಗೆ ತಲುಪುವ ದಾರಿಯಲ್ಲಿ ತೊಡಕಾದರೆ ತುಂಬಿದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆ ದಾರಿಗೆ ದೀಪವನ್ನೇ ಇಟ್ಟಿರದಿದ್ದರೆ ವರದಿಯ ಪ್ರಕಾರ ಅಂದು ಯಾವ ತೊಂದರೆಯೂ ಆಗಿರುವುದಿಲ್ಲ. ತಾಳೆಪಟ್ಟಿಯಲ್ಲಿ ಬಿಟ್ಟುಹೋದ ಬಿಲ್ಲು ಎಂದರೆ ಇದೇ. ಆದ್ದರಿಂದ ಯಂತ್ರಗಳ ದೀಪಗಳಿಗಿಂತ ಮೊದಲು ಕೆಲಸಗಳ ದೀಪಗಳಿರಬೇಕು: ಬಿಲ್ ಹೊರಡುತ್ತಿದೆಯೇ, ಉಲ್ಲೇಖ ಸಂಖ್ಯೆ ಬರುತ್ತಿದೆಯೇ, ನಿನ್ನೆಯ ಲೆಕ್ಕದ ಪ್ರತಿ ಉಳಿದಿದೆಯೇ ಎಂಬ ಪ್ರಶ್ನೆಗಳಿಗೆ ಮೇಲಿನ ಸಾಲಿನಲ್ಲಿ ಸ್ಥಾನ ದೊರೆಯಬೇಕು.

ನಡೆಯುತ್ತಿದ್ದರೂ ಕುಂಟುತ್ತಿರುವ ಯಂತ್ರ

ಕೆಲವು ಯಂತ್ರಗಳು ದೋಷವನ್ನು ನುಂಗಿಕೊಂಡು ಕೆಲಸ ಮುಂದುವರಿಸುವಂತೆ ರಚಿತವಾಗಿರುತ್ತವೆ. ನಾಲ್ಕು ಡಿಸ್ಕ್‌ಗಳನ್ನು ರೈಡ್-5 ಕ್ರಮದಲ್ಲಿ ಜೋಡಿಸಿದ ಸರ್ವರಿನಲ್ಲಿ ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ನಾಶವಾಗುವುದಿಲ್ಲ. ಕಚೇರಿಯ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಎರಡನೆಯದು ಕೆಟ್ಟ ಕ್ಷಣ ಎಲ್ಲವೂ ಹೋಗುತ್ತದೆ. ಮೊದಲನೆಯ ಡಿಸ್ಕ್ ಕೆಟ್ಟ ದಿನದಿಂದ ಎರಡನೆಯದು ಕೆಡುವ ದಿನದವರೆಗಿನ ಅವಧಿಯೇ ಮಾಲೀಕರಿಗೆ ದೊರೆತ ವಾಯಿದೆ. ಡ್ಯಾಶ್‌ಬೋರ್ಡ್ ಸರ್ವರಿನ ಚಾಲನೆಯನ್ನಷ್ಟೇ ಕೇಳುತ್ತಿದ್ದು ಡಿಸ್ಕ್‌ಗಳ ಸ್ಥಿತಿಯನ್ನು ಕೇಳದಿದ್ದರೆ, ಆ ವಾಯಿದೆ ಯಾರಿಗೂ ತಿಳಿಯದೆ ಕಳೆದುಹೋಗುತ್ತದೆ.

ಯುಪಿಎಸ್ ವಿಷಯದಲ್ಲಿಯೂ ಹೀಗೆಯೇ. ವಿದ್ಯುತ್ ಇರುವಾಗ ಅದರ ದೀಪ ಹಸಿರಾಗಿರುತ್ತದೆ. ಬ್ಯಾಟರಿ ಹಳತಾಗಿ ಸತ್ವ ಕಳೆದುಕೊಂಡಿರುವುದು ವಿದ್ಯುತ್ ಹೋದಾಗ ಮಾತ್ರ ಬೆಳಕಿಗೆ ಬರುತ್ತದೆ. ಹೊರೆ ಎಷ್ಟು ಶೇಕಡಾ ಎಂಬ ಅಂಕಿಗಿಂತ, ಬ್ಯಾಟರಿ ಅಳವಡಿಸಿದ ವರ್ಷ ಯಾವುದು, ಕೊನೆಯ ಪರೀಕ್ಷೆಯಲ್ಲಿ ಎಷ್ಟು ನಿಮಿಷ ತಾಳಿತು ಎಂಬ ಎರಡು ಅಂಕಿಗಳು ಮಾಲೀಕರಿಗೆ ಹೆಚ್ಚು ಮುಖ್ಯವಾದವು.

ಹಳದಿ ದೀಪವನ್ನು ಓದುವಾಗಲೂ ಇಂಥದೇ ವಿವೇಚನೆ ಬೇಕು. ಡಿಸ್ಕ್ ಶೇ. 80 ತುಂಬಿದಾಗ ಎಚ್ಚರಿಕೆ ಬರುವಂತೆ ಮಿತಿಯಿಡುವುದು ವಾಡಿಕೆ. 500 ಜಿಬಿ ಡಿಸ್ಕಿನಲ್ಲಿ ದಿನಕ್ಕೆ 3 ಜಿಬಿ ತುಂಬುತ್ತಿದ್ದರೆ ಹಳದಿ ಹತ್ತಿದ ದಿನದಿಂದ ಸುಮಾರು 33 ದಿನಗಳ ಅವಕಾಶವಿರುತ್ತದೆ. 4,000 ಜಿಬಿ ಡಿಸ್ಕಿನಲ್ಲಿ ಅದೇ ಹಳದಿಗೆ 260ಕ್ಕೂ ಹೆಚ್ಚು ದಿನಗಳ ಅವಕಾಶ. ಅದೇ ವೇಳೆ, ಶೇ. 70 ಮಾತ್ರ ತುಂಬಿ ಹಸಿರಾಗಿಯೇ ಇರುವ 500 ಜಿಬಿ ಡಿಸ್ಕಿನಲ್ಲಿ ಯಾವುದೋ ದೋಷದಿಂದ ದಿನಕ್ಕೆ 30 ಜಿಬಿ ತುಂಬತೊಡಗಿದರೆ ಉಳಿದಿರುವುದು ಐದೇ ದಿನ. ಬಣ್ಣ ಇಂದಿನ ಮಟ್ಟವನ್ನು ಹೇಳುತ್ತದೆ, ಗತಿಯನ್ನು ಹೇಳುವುದಿಲ್ಲ. ಕಳೆದ ತಿಂಗಳ ರೇಖಾಚಿತ್ರದೊಡನೆ ಹೋಲಿಸಿದಾಗಲೇ ಗತಿ ತಿಳಿಯುವುದು. ಬಾಕಿ ವಸೂಲಿಯ ಪಟ್ಟಿಯನ್ನು ಮೊತ್ತದಿಂದ ಮಾತ್ರವಲ್ಲದೆ ವಾಯಿದೆಯಿಂದಲೂ ನೋಡುವ ವರ್ತಕರಿಗೆ ಇದು ಹೊಸ ವಿಚಾರವೇನಲ್ಲ.

ಉತ್ತರವೇ ಬಾರದಿದ್ದಾಗ

ಡ್ಯಾಶ್‌ಬೋರ್ಡಿನಲ್ಲಿ ಕೆಂಪಿಗಿಂತಲೂ ಹೆಚ್ಚು ಅನುಮಾನದಿಂದ ನೋಡಬೇಕಾದುದು 'ತಿಳಿಯದು' ಎಂಬ ಸ್ಥಿತಿಯನ್ನು. ಕೆಂಪು ದೀಪ ತನ್ನ ತೊಂದರೆಯನ್ನು ತಾನೇ ಕೂಗಿ ಹೇಳುತ್ತದೆ. ಉತ್ತರ ಬಾರದ ದೀಪ ಮೌನವಾಗಿರುತ್ತದೆ. ಆ ಮೌನವನ್ನು ಒಪ್ಪಿಗೆಯೆಂದು ಭಾವಿಸುವುದು ಸುಲಭ.

ಅಮೆರಿಕದ ಸಾಲ ಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್‌ನಲ್ಲಿ 2017ರಲ್ಲಿ ಸುಮಾರು 14.7 ಕೋಟಿ ಜನರ ಖಾಸಗಿ ವಿವರಗಳು ಕಳುವಾದವು. ಜಾಲದಲ್ಲಿ ಹಾದುಹೋಗುವ ಗೂಢಲಿಪಿಯ ಮಾಹಿತಿಯನ್ನು ಪರಿಶೀಲಿಸುವ ಉಪಕರಣವೊಂದು ಅಲ್ಲಿತ್ತು. ಆದರೆ ಅದಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಹಲವು ತಿಂಗಳ ಹಿಂದೆಯೇ ಮುಗಿದಿದ್ದುದರಿಂದ ಆ ಉಪಕರಣ ಏನನ್ನೂ ಪರಿಶೀಲಿಸುತ್ತಿರಲಿಲ್ಲ. ಜುಲೈ ಕೊನೆಯಲ್ಲಿ ಪ್ರಮಾಣಪತ್ರವನ್ನು ನವೀಕರಿಸಿದ ಕೂಡಲೇ ಅನುಮಾನಾಸ್ಪದ ಸಂಚಾರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಕಳ್ಳರು ಎರಡು ತಿಂಗಳಿಗೂ ಹೆಚ್ಚು ಕಾಲ ಒಳಗಿದ್ದರು. ಕಾವಲುಗಾರ ನಿದ್ರಿಸುತ್ತಿದ್ದಾನೆ ಎಂಬುದನ್ನು ತಿಳಿಸುವ ದೀಪ ಇರಲಿಲ್ಲ. ಜಾಲತಾಣಗಳ ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 398 ದಿನಗಳಿಂದ ಹಂತ ಹಂತವಾಗಿ ಇಳಿಸಿ 2029ರ ಮಾರ್ಚ್ ವೇಳೆಗೆ 47 ದಿನಗಳಿಗೆ ತರಲು 2025ರಲ್ಲಿ ನಿರ್ಧಾರವಾಗಿರುವುದರಿಂದ, ಸ್ವಂತ ಜಾಲತಾಣದ ಮೂಲಕ ಆರ್ಡರ್ ಪಡೆಯುವ ಸಣ್ಣ ಸಂಸ್ಥೆಗಳೂ ಅವಧಿ ಮುಗಿಯುವ ದಿನಾಂಕಕ್ಕೆ ಒಂದು ದೀಪವನ್ನು ಇಡುವುದು ಒಳಿತು.

ತಂತ್ರಾಂಶ ಸಂಗ್ರಹಣಾ ಸೇವೆ ಒದಗಿಸುವ ಗಿಟ್‌ಲ್ಯಾಬ್ ಸಂಸ್ಥೆಯ ಅನುಭವ ಇನ್ನೂ ಬೋಧಪ್ರದವಾಗಿದೆ. 2017ರ ಜನವರಿ 31ರಂದು ಅಲ್ಲಿಯ ತಂತ್ರಜ್ಞರೊಬ್ಬರು ತಪ್ಪು ಸರ್ವರಿನ ದತ್ತಸಂಚಯವನ್ನು ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದಾಗ, ನಿತ್ಯದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದಾಣಿಕೆಯಾಗದೆ ವಿಫಲವಾಗುತ್ತಿದ್ದುದು ಗೊತ್ತಾಯಿತು. ವೈಫಲ್ಯವನ್ನು ತಿಳಿಸಲು ಇ-ಮೇಲ್ ವ್ಯವಸ್ಥೆಯೂ ಇತ್ತು. ಆದರೆ ಆ ಇ-ಮೇಲ್‌ಗಳು ಸಹಿ ಪರಿಶೀಲನೆಯಲ್ಲಿ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟವಶಾತ್ ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಉದ್ದೇಶಕ್ಕೆ ತೆಗೆದಿಟ್ಟಿದ್ದ ಪ್ರತಿಯೊಂದು ಕೈಗೆ ಸಿಕ್ಕಿತು. ದೂರು ಬಂದಿಲ್ಲ ಎಂಬುದನ್ನೇ ಸುಸ್ಥಿತಿಯ ಲಕ್ಷಣವೆಂದು ಭಾವಿಸಿದರೆ ಆಗುವುದು ಹೀಗೆ. ಯಾವ ಹಸಿರು ದೀಪದ ಬಗ್ಗೆಯಾದರೂ ಕೇಳಬೇಕಾದ ಮೊದಲ ಪ್ರಶ್ನೆ, ಈ ಉತ್ತರ ಕೊನೆಯ ಬಾರಿ ಬಂದದ್ದು ಯಾವಾಗ ಎಂಬುದು.

ಕೆಂಪು ದೀಪಗಳು ಹೆಚ್ಚಾದಾಗ

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ದಿನಕ್ಕೆ ಐವತ್ತು ಎಚ್ಚರಿಕೆ ಸಂದೇಶಗಳು ಬರತೊಡಗಿದರೆ ಐವತ್ತೊಂದನೆಯದನ್ನು ಯಾರೂ ಓದುವುದಿಲ್ಲ. ಮುದ್ರಣಯಂತ್ರದಲ್ಲಿ ಶಾಯಿ ಕಡಿಮೆಯಾದದ್ದಕ್ಕೂ ದತ್ತಸಂಚಯ ಸ್ಥಗಿತವಾದದ್ದಕ್ಕೂ ಒಂದೇ ಬಣ್ಣ, ಒಂದೇ ದನಿ ಇದ್ದರೆ ಎಚ್ಚರಿಕೆಗೆ ಬೆಲೆಯಿರುವುದಿಲ್ಲ.

ಬೆಂಗಳೂರಿಗೂ ಸಂಬಂಧವುಳ್ಳ ಒಂದು ಪ್ರಕರಣವನ್ನು ಇಲ್ಲಿ ನೆನೆಯಬಹುದು. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಗ್ರಾಹಕರ ಬ್ಯಾಂಕ್ ಕಾರ್ಡುಗಳ ವಿವರ ಕಳುವಾಯಿತು. ಸಂಸ್ಥೆಯ ಭದ್ರತಾ ವ್ಯವಸ್ಥೆ ಕಳ್ಳ ತಂತ್ರಾಂಶವನ್ನು ಪತ್ತೆಹಚ್ಚಿ ಎಚ್ಚರಿಕೆ ಕೊಟ್ಟಿತ್ತು. ಬೆಂಗಳೂರಿನಲ್ಲಿದ್ದ ನಿಗಾ ತಂಡ ಅದನ್ನು ಗಮನಿಸಿ ಮಿನಿಯಾಪೊಲಿಸ್‌ನ ಕೇಂದ್ರ ಕಚೇರಿಗೆ ತಿಳಿಸಿಯೂ ಇತ್ತು ಎಂದು 2014ರಲ್ಲಿ ಅಮೆರಿಕದ ಪತ್ರಿಕೆಗಳು ವರದಿ ಮಾಡಿದವು. ಕೇಂದ್ರ ಕಚೇರಿಯಲ್ಲಿ ಸಕಾಲದಲ್ಲಿ ಕ್ರಮ ಜರುಗಲಿಲ್ಲ. ದೀಪ ಉರಿಯಿತು, ನೋಡಿದವರೂ ಇದ್ದರು. ಮುಂದಿನ ಹೆಜ್ಜೆ ಮಾತ್ರ ಬೀಳಲಿಲ್ಲ.

ಸಣ್ಣ ಸಂಸ್ಥೆಯಲ್ಲಿ ಇದರ ಪಾಠ ಸರಳ. ಪ್ರತಿಯೊಂದು ಕೆಂಪು ದೀಪದ ಪಕ್ಕದಲ್ಲಿಯೂ ಒಬ್ಬ ಹೊಣೆಗಾರನ ಹೆಸರಿರಬೇಕು. ಆತ ಊರಿನಲ್ಲಿಲ್ಲದಾಗ ನೋಡುವ ಮತ್ತೊಬ್ಬರ ಹೆಸರೂ ಇರಬೇಕು. ಹೊಣೆಗಾರನಿಲ್ಲದ ದೀಪವನ್ನು ಡ್ಯಾಶ್‌ಬೋರ್ಡಿನಿಂದ ತೆಗೆದುಹಾಕುವುದೇ ಲೇಸು. ಇದರಲ್ಲಿ ಕಾನೂನಿನ ಅಂಶವೂ ಸೇರಿದೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನಗಳ ಪ್ರಕಾರ ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಹಾಗೂ ಯಂತ್ರಗಳ ದಾಖಲೆಗಳನ್ನು 180 ದಿನಗಳವರೆಗೆ ಕಾಯ್ದಿಡಬೇಕು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಇವು ಆ ವರ್ಷದ ಸೆಪ್ಟೆಂಬರ್ 25ರಿಂದ ಅನ್ವಯವಾಗಿವೆ. ಶನಿವಾರ ಸಂಜೆ ಹತ್ತಿದ ದೀಪವನ್ನು ಸೋಮವಾರ ಬೆಳಿಗ್ಗೆ ನೋಡುವ ಪದ್ಧತಿಗೂ ಈ ನಿರ್ದೇಶನಗಳ ಆಶಯಕ್ಕೂ ಹೊಂದಾಣಿಕೆಯಿಲ್ಲ.

ತನ್ನ ಲೆಕ್ಕವನ್ನು ತಾನೇ ಪರಿಶೋಧಿಸುವ ಗುತ್ತಿಗೆ

ಈಗಿನ ರೂಢಿಯ ಮೂಲ ದೋಷ ನಿರ್ವಹಣಾ ಗುತ್ತಿಗೆಯಲ್ಲಿಯೇ ಇದೆ. ಯಂತ್ರಗಳನ್ನು ನೋಡಿಕೊಳ್ಳುವವರೇ ಅವುಗಳಿಗೆ ಪ್ರಶ್ನೆ ಗೊತ್ತುಮಾಡುತ್ತಾರೆ, ಮಿತಿ ನಿಗದಿ ಮಾಡುತ್ತಾರೆ, ವರದಿಯನ್ನೂ ಬರೆಯುತ್ತಾರೆ. ಗುಮಾಸ್ತನೇ ತನ್ನ ಲೆಕ್ಕವನ್ನು ಪರಿಶೋಧಿಸಿ ಸಹಿ ಹಾಕುವುದನ್ನು ಯಾವ ವರ್ತಕರೂ ಒಪ್ಪುವುದಿಲ್ಲ. ಗುತ್ತಿಗೆದಾರರು ಅಪ್ರಾಮಾಣಿಕರೆಂದು ಇದರ ಅರ್ಥವಲ್ಲ; ಹೆಚ್ಚಿನವರು ನಿಷ್ಠೆಯಿಂದ ದುಡಿಯುವವರೇ. ಆದರೆ ನಿಷ್ಠಾವಂತರ ಕಣ್ಣಿಗೂ ತಮ್ಮ ವ್ಯವಸ್ಥೆಯ ಕುರುಡು ಮೂಲೆಗಳು ಕಾಣುವುದಿಲ್ಲ. 2017ರ ಫೆಬ್ರುವರಿ 28ರಂದು ಅಮೆಜಾನ್ ಸಂಸ್ಥೆಯ ಎಸ್-3 ಸಂಗ್ರಹಣಾ ಸೇವೆ ಕೆಲವು ಗಂಟೆಗಳ ಕಾಲ ಸ್ಥಗಿತವಾದಾಗ, ಅದರ ಸ್ಥಿತಿಗತಿ ತೋರಿಸುವ ಫಲಕವನ್ನು ಸುಮಾರು ಎರಡು ಗಂಟೆಗಳವರೆಗೆ ತಿದ್ದಲು ಸಾಧ್ಯವಾಗಲಿಲ್ಲ. ಫಲಕವನ್ನು ನಿರ್ವಹಿಸುವ ವ್ಯವಸ್ಥೆಯೂ ಅದೇ ಎಸ್-3ರ ಮೇಲೆ ಅವಲಂಬಿತವಾಗಿದ್ದುದೇ ಕಾರಣ. ಅಷ್ಟು ದೊಡ್ಡ ಸಂಸ್ಥೆಗೂ ಒದಗಿದ ಈ ತೊಡಕು, ಕಾಯುವ ಸರ್ವರಿನೊಳಗೇ ನಿಗಾ ತಂತ್ರಾಂಶವನ್ನೂ ಇಟ್ಟಿರುವ ಸಣ್ಣ ಕಚೇರಿಗೆ ಒದಗದಿರಲು ಕಾರಣವಿಲ್ಲ. ಸರ್ವರ್ ಮಲಗಿದರೆ ನಿಗಾ ತಂತ್ರಾಂಶವೂ ಜೊತೆಗೇ ಮಲಗುತ್ತದೆ.

ಗುತ್ತಿಗೆಯಲ್ಲಿ ಕಾಣುವ ಶೇಕಡಾವಾರು ಅಂಕಿಯನ್ನೂ ವರ್ತಕರು ಬಿಡಿಸಿ ನೋಡಬೇಕು. ತಿಂಗಳಿಗೆ ಶೇ. 99 ಲಭ್ಯತೆ ಎಂದರೆ ಕಿವಿಗೆ ಹಿತವಾಗಿ ಕೇಳುತ್ತದೆ. 30 ದಿನಗಳ 720 ಗಂಟೆಗಳಲ್ಲಿ ಶೇ. 1 ಎಂದರೆ 7 ಗಂಟೆ 12 ನಿಮಿಷ. ದಿನಕ್ಕೆ 10 ಗಂಟೆಯಂತೆ 26 ದಿನ ನಡೆಯುವ ಸಂಸ್ಥೆಯ ಕೆಲಸದ ಅವಧಿ 260 ಗಂಟೆ ಮಾತ್ರ. ಸ್ಥಗಿತವೆಲ್ಲವೂ ಕೆಲಸದ ವೇಳೆಯಲ್ಲೇ ಆದರೆ ನಷ್ಟವಾದುದು ಶೇ. 1 ಅಲ್ಲ, ಶೇ. 2.75ಕ್ಕೂ ಹೆಚ್ಚು. ಅದು ವಿವರಪಟ್ಟಿ ಸಲ್ಲಿಸುವ ಕೊನೆಯ ದಿನವೇ ಆದರೆ ಆ ಒಂದು ದಿನದ ಪಾಲಿಗೆ ಶೇಕಡಾ ಎಪ್ಪತ್ತಕ್ಕೂ ಹೆಚ್ಚು. ಆದರೂ ವರದಿ ಹಸಿರಾಗಿಯೇ ಇರುತ್ತದೆ; ಗುತ್ತಿಗೆಯ ಷರತ್ತೂ ಮುರಿದಿರುವುದಿಲ್ಲ. ಆದ್ದರಿಂದ ಲಭ್ಯತೆಯನ್ನು ಕ್ಯಾಲೆಂಡರಿನ ಗಂಟೆಗಳಲ್ಲಿ ಅಲ್ಲ, ವ್ಯಾಪಾರದ ಗಂಟೆಗಳಲ್ಲಿ ಅಳೆಯಬೇಕೆಂಬ ಷರತ್ತನ್ನು ಗುತ್ತಿಗೆಯಲ್ಲಿ ಸೇರಿಸುವುದು ನ್ಯಾಯವಾಗಿದೆ.

ಎರಡು ಆಕ್ಷೇಪಗಳು

ಇದೆಲ್ಲವೂ ತಂತ್ರಜ್ಞರ ವಿಷಯ, ಮಾಲೀಕರು ತಲೆಹಾಕಬೇಕಾದುದಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಯಂತ್ರವನ್ನು ರಿಪೇರಿ ಮಾಡುವುದು ನಿಶ್ಚಯವಾಗಿಯೂ ತಂತ್ರಜ್ಞರ ಕೆಲಸ. ಆದರೆ ಯಾವ ಕೆಲಸ ನಿಂತರೆ ಎಷ್ಟು ನಷ್ಟ, ಎಷ್ಟು ಗಂಟೆಯ ಲೆಕ್ಕ ಕಳೆದುಹೋದರೆ ತಾಳಿಕೊಳ್ಳಬಹುದು ಎಂಬುದು ವ್ಯಾಪಾರದ ಪ್ರಶ್ನೆ. ಅದಕ್ಕೆ ತಂತ್ರಜ್ಞರ ಬಳಿ ಉತ್ತರವಿಲ್ಲ. ಆ ಉತ್ತರದಿಂದಲೇ ಮಿತಿಗಳೂ ಬಣ್ಣಗಳೂ ಹುಟ್ಟಬೇಕು. ಬಾಯ್ಲರಿನ ಒತ್ತಡಮಾಪಕವನ್ನು ಓದಲು ಮಾಲೀಕರು ಇಂಜಿನಿಯರ್ ಆಗಿರಬೇಕಿಲ್ಲ. ಕೆಂಪು ಗೆರೆ ಎಲ್ಲಿದೆ, ಅದನ್ನು ಅಲ್ಲಿ ಎಳೆದವರು ಯಾರು ಎಂದು ತಿಳಿದಿದ್ದರೆ ಸಾಕು.

ಖರ್ಚಿನ ಆಕ್ಷೇಪ ಇನ್ನೊಂದು. ನಾಗಿಯೋಸ್ ಕೋರ್, ಜ್ಯಾಬಿಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಅಳವಡಿಸುವ ಹಾಗೂ ನೋಡಿಕೊಳ್ಳುವ ಶ್ರಮಕ್ಕೆ ಹಣ ಬೇಕಾಗುತ್ತದೆ. ಹತ್ತಾರು ಯಂತ್ರಗಳಿರುವ ಸಂಸ್ಥೆಗೆ ನೂರು ದೀಪಗಳ ಅಗತ್ಯವೂ ಇಲ್ಲ. ಚೆನ್ನಾಗಿ ಆರಿಸಿದ ಹನ್ನೆರಡು ಸಾಕು. ವಾರಕ್ಕೆ ಹತ್ತು ನಿಮಿಷ ಕುಳಿತು ಅವುಗಳ ಬಣ್ಣವನ್ನೂ, ಕೊನೆಯ ಉತ್ತರದ ವೇಳೆಯನ್ನೂ, ಹಿಂದಿನ ವಾರದಿಂದಾದ ವ್ಯತ್ಯಾಸವನ್ನೂ ನೋಡುವ ಮಾಲೀಕರು, ದುಬಾರಿ ತಂತ್ರಾಂಶ ಕೊಂಡು ಅತ್ತ ಕಣ್ಣು ಹಾಯಿಸದವರಿಗಿಂತ ಸುರಕ್ಷಿತರು.

ದಾಸ್ತಾನು ಎಣಿಸುವ ಕ್ರಮ

ತಾಳೆಪಟ್ಟಿಯ ಮೇಲೆ ದಾಸ್ತಾನು ಎಣಿಕೆ ಹೇಗೋ, ಡ್ಯಾಶ್‌ಬೋರ್ಡಿನ ಮೇಲೆ ಪ್ರತ್ಯಕ್ಷ ಪರೀಕ್ಷೆ ಹಾಗೆ. ಮೂರು ತಿಂಗಳಿಗೊಮ್ಮೆ ಮೂರು ಪರೀಕ್ಷೆಗಳನ್ನು ನಡೆಸಬೇಕು. ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ ಹಿಂದಿನ ವಾರದ ಒಂದು ಬಿಲ್ಲನ್ನು ತೆರೆದು ನೋಡುವುದು ಮೊದಲನೆಯದು. ಎಲ್ಲರಿಗೂ ಮೊದಲೇ ತಿಳಿಸಿ, ತಂತ್ರಾಂಶಗಳನ್ನು ಮುಚ್ಚಿ, ಯುಪಿಎಸ್‌ಗೆ ಬರುವ ವಿದ್ಯುತ್ತನ್ನು ನಿಲ್ಲಿಸಿ ಬ್ಯಾಟರಿ ಎಷ್ಟು ನಿಮಿಷ ತಾಳುತ್ತದೆ ಎಂದು ಬರೆದಿಡುವುದು ಎರಡನೆಯದು. ಕೆಲಸಕ್ಕೆ ತೊಂದರೆಯಾಗದ ಒಂದು ಉಪಕರಣದ ತಂತಿಯನ್ನು ಬೇಕೆಂದೇ ಕಿತ್ತು, ದೀಪ ಕೆಂಪಾಗಲು ಎಷ್ಟು ಹೊತ್ತು ಬೇಕಾಯಿತು, ಯಾರಿಗೆ ಸಂದೇಶ ಹೋಯಿತು, ಯಾರು ಫೋನ್ ಮಾಡಿದರು ಎಂದು ನೋಡುವುದು ಮೂರನೆಯದು. ಎಂದೂ ಕೆಂಪಾಗದ ದೀಪ ಸುಸ್ಥಿತಿಯನ್ನು ಸೂಚಿಸುತ್ತಿದೆಯೋ ತಾನೇ ಕೆಟ್ಟಿದೆಯೋ ಎಂಬುದು ಈ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಮೂರರ ಫಲಿತಾಂಶವನ್ನೂ ದಿನಾಂಕ ಸಹಿತ ಒಂದು ವಹಿಯಲ್ಲಿ ಬರೆದು ಗುತ್ತಿಗೆದಾರರ ಸಹಿ ಪಡೆಯುವುದು ಯೋಗ್ಯ.

ಇಲ್ಲಿ ವಾಣಿಜ್ಯ ಮಂಡಳಿಗಳೂ ಒಂದು ಹೊಣೆಯನ್ನು ಹೊರಬಹುದು. ಬಾಡಿಗೆ ಕರಾರಿಗೂ ಸಾಗಣೆ ಕರಾರಿಗೂ ಮಾದರಿ ಪತ್ರಗಳಿರುವಂತೆ, ನಿರ್ವಹಣಾ ಗುತ್ತಿಗೆಗೂ ಕನ್ನಡದಲ್ಲಿ ಒಂದು ಮಾದರಿ ಪತ್ರವನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸುವುದು ಸಾಧ್ಯ. ಏನನ್ನು ಅಳೆಯಬೇಕು, ಮಿತಿಯನ್ನು ಯಾರು ಒಪ್ಪಬೇಕು, ಉತ್ತರ ಬಾರದ ದೀಪವನ್ನು ಹೇಗೆ ಎಣಿಸಬೇಕು, ಯಾವ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯಬೇಕು, ಪರೀಕ್ಷೆಗಳನ್ನು ಎಂದು ನಡೆಸಬೇಕು ಎಂಬ ಐದು ಅಂಶಗಳು ಅದರಲ್ಲಿದ್ದರೆ ಸಾಕು. ಒಬ್ಬೊಬ್ಬರೇ ಕೇಳಿದಾಗ ಹಿಂಜರಿಯುವ ಗುತ್ತಿಗೆದಾರರು, ಎಲ್ಲ ಸದಸ್ಯರೂ ಒಂದೇ ಪತ್ರವನ್ನು ಮುಂದಿಟ್ಟಾಗ ಒಪ್ಪಿಕೊಳ್ಳುವ ಸಂಭವ ಹೆಚ್ಚು. ಉತ್ತಮ ಗುತ್ತಿಗೆದಾರರಿಗಂತೂ ಇದರಿಂದ ಲಾಭವೇ. ಅವರ ಕೆಲಸಕ್ಕೂ ಬರಿಯ ಹಸಿರು ಚಿತ್ರ ಕಳುಹಿಸುವವರ ಕೆಲಸಕ್ಕೂ ಇರುವ ವ್ಯತ್ಯಾಸ ಆಗ ಕಾಗದದ ಮೇಲೆ ಕಾಣುತ್ತದೆ. ಅಂಥ ಪತ್ರ ಸಿದ್ಧವಾಗುವವರೆಗೆ ಉದ್ದಿಮೆದಾರರು ಕಾಯಬೇಕಾಗಿಯೂ ಇಲ್ಲ. ಮುಂದಿನ ತಿಂಗಳ ವರದಿ ಬಂದಾಗ ಪ್ರತಿಯೊಂದು ಹಸಿರು ದೀಪದ ಪಕ್ಕದಲ್ಲಿ ಅದು ಕೇಳುತ್ತಿರುವ ಪ್ರಶ್ನೆಯನ್ನೂ ಕೊನೆಯ ಉತ್ತರದ ದಿನಾಂಕವನ್ನೂ ಬರೆದು ಕೊಡುವಂತೆ ಕೇಳಿ, ಆ ನಂತರವೇ ಬಿಲ್ಲಿಗೆ ಸಹಿ ಹಾಕಬೇಕು.